ಸಾತವ್ವ ಆರಿಸಿದ ಹೋರಿ

ಮೂಡಲಗಿ ಸೀಮೆಯಲ್ಲಿ ಸಾತವ್ವನ ಕೊಟ್ಟಿಗೆ ಗೊತ್ತಿಲ್ಲದ ದನಗಾರರಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವಳು ಖಿಲಾರಿ ತಳಿಯ ಬೀಜದ ಹೋರಿ ಸಾಕುತ್ತಾಳೆ. ಹುಕ್ಕೇರಿ ಕಡೆಯಿಂದಲೂ ಜನ ಟೆಂಪೊದಲ್ಲಿ ಆಕಳು ಹೇರಿಕೊಂಡು ಬರುತ್ತಾರೆ. ಹೆಂಗಸಿಗೆ ಈ ಉಸಾಬರಿ ಯಾಕೆ ಎಂದು ಮೂಗು ಮುರಿದವರ ಮನೆಯಲ್ಲೇ ಈಗ ಅವಳ ಹೋರಿಯ ಕರುಗಳಿವೆ. ಅದನ್ನು ಹೇಳಿಕೊಳ್ಳಲು ಅವಳಿಗೆ ಸಂಕೋಚವಿಲ್ಲ, ಇರಬೇಕಾಗಿಯೂ ಇಲ್ಲ.

ಬೇರೆಯವರು ಕೋಡು, ಎತ್ತರ ನೋಡುತ್ತಾರೆ. ಸಾತವ್ವ ನೋಡುವುದು ಗುಣ. ಹೋರಿಯ ಸಿಟ್ಟು ಕರುವಿಗೂ ಬರುತ್ತದೆ, ಆ ಕರುವನ್ನು ನಾಳೆ ಹಿಡಿದು ಕಟ್ಟುವವರು ಮನೆಯ ಹೆಣ್ಣುಮಕ್ಕಳು ಎನ್ನುವುದು ಅವಳ ವಾದ. ಅದಕ್ಕೇ ಹೋರಿಗರು ಹಸಿದು ಮೇಯುವಾಗ ಗೋದಲಿಗೆ ಕೈಹಾಕಿ ಮೇವು ಎಳೆದುಕೊಳ್ಳುತ್ತಾಳೆ. ಹಾಯಲು ಬಂದರೆ ಅದು ಬೀಜಕ್ಕಲ್ಲ, ನೇಗಿಲಿಗೆ.

ಈ ಸಲದ ಬಿಳಿ ಹೋರಿ ಕಣ್ಣು ಕುಕ್ಕುವಂತಿತ್ತು. ಮೂರು ವರ್ಷ ಗೋದಲಿಗೆ ಕೈಹಾಕಿದರೂ ಒಮ್ಮೆಯೂ ಸಿಡುಕಲಿಲ್ಲ. ತನ್ನ ಆಕಳಿಗೆ ಅದೇ ಬೇಕೆಂದು ಯಮಕನಮರಡಿಯ ರೈತ ಗುರುಪಾದ ಎಲ್ಲರಿಗಿಂತ ಮೊದಲು ಹೇಳಿಟ್ಟಿದ್ದ.

ಒಂದು ಭಾನುವಾರ ಸಾತವ್ವ ಕಣ್ಣು ತೋರಿಸಲು ಘಟಪ್ರಭಾಕ್ಕೆ ಹೋಗಿದ್ದಳು. ಮೇವು ಹಾಕಲು ಹೋದ ಸೊಸೆ ರಾಜೇಶ್ವರಿಯನ್ನು ಬಿಳಿ ಹೋರಿ ಗೋಡೆಗೆ ಒತ್ತಿತು. ಪುಣ್ಯಕ್ಕೆ ಕೈ ಮುರಿಯಲಿಲ್ಲ. ಸಾತವ್ವ ಮರಳಿದಾಗ ಸೊಸೆ ಮೊಳಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.

"ಅತ್ತಿ, ಅದು ನಿಮಗ ಹಾಯಂಗಿಲ್ರಿ. ನಿಮ್ಮ ಕೈ ಅದಕ್ಕ ಗೊತ್ತೈತಿ."

ಸಾತವ್ವನಿಗೆ ಆಗ ಹೊಳೆಯಿತು. ಹಿಂದಿನ ಹೋರಿಗಳಿಗೆ ಮನೆಯವರೆಲ್ಲ ಮೇವು ಹಾಕಿದ್ದರು. ಇದರ ಮೇಲಿನ ಮೋಹಕ್ಕೆ ಇವಳು ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಬರೀ ರೂಢಿಯನ್ನು ಗುಣವೆಂದು ನಂಬಿ ಕೂತಿದ್ದಳು.

"ಹೋರಿ ಅಂದ ಮ್ಯಾಲೆ ಹಾಯತೈತಿ," ಎಂದ ಗಂಡ ಸತ್ತೆಪ್ಪ. "ಗುರುಪಾದಗ ಹೇಳಬ್ಯಾಡ. ಇಷ್ಟ ವರ್ಷದ ಹೆಸರು ಮಣ್ಣಾಗ ಹೋಗತೈತಿ."

"ಹೇಳದಿದ್ರ ಹೋಗತೈತಿ," ಎಂದಳು ಸಾತವ್ವ.

ಮರುದಿನವೇ ಗುರುಪಾದ ಬೆದೆಗೆ ಬಂದ ಆಕಳನ್ನು ಟೆಂಪೊದಲ್ಲಿ ತಂದ. ಸಾತವ್ವ ಅಂಗಳದಲ್ಲೇ ಹೇಳಿಬಿಟ್ಟಳು: "ಬಿಳಿ ಹೋರಿ ಕೊಡಂಗಿಲ್ರಿ. ನಿನ್ನಿ ನನ್ನ ಸೊಸಿಗೆ ಹಾಯ್ದೈತಿ. ಆರಿಸಿದ ತಪ್ಪು ನಂದು. ಅದರ ಬೀಜ ಒಡಸ್ತೇನಿ."

ಗುರುಪಾದನ ಮುಖ ಗಂಟಾಯಿತು. "ಇಷ್ಟ ದೂರ ಬಂದೇನಲ್ರಿ!"

ಅವಳು ಅವನನ್ನು ಬೂದು ಹೋರಿಯ ಹತ್ತಿರ ಕರೆದೊಯ್ದಳು. ಅದು ರಾಜೇಶ್ವರಿ ಸಾಕಿದ್ದು. "ಗೋದಲಿಗೆ ಕೈ ಹಾಕ್ರಿ."

"ನಾನಾ?"

"ನೀವ. ನನ್ನ ಕೈ ಇನ್ನ ಲೆಕ್ಕಕ್ಕಿಲ್ಲ."

ಗುರುಪಾದ ಅಂಜುತ್ತಲೇ ಮೇವು ಎಳೆದ. ಹೋರಿ ಅವನ ತೋಳು ಮೂಸಿ, ಉಳಿದದ್ದನ್ನು ಮೇಯತೊಡಗಿತು.

"ಗುಣ ಖರೆ. ಆದ್ರ ಗಿಡ್ಡ ಐತೆಲ್ರಿ?"

"ಐತಿ. ನಿಮ್ಮನ್ಯಾಗ ದನಾ ಕಟ್ಟೋರು ಯಾರ್ರಿ?"

"ನಮ್ಮ ಮನಿಯಾಕಿ."

"ಹಂಗಾದ್ರ ಅವರನ್ನ ಕೇಳ್ರಿ."

ಗುರುಪಾದ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದ. ಹೆಂಡತಿಯ ದನಿ ಅಂಗಳಕ್ಕೆಲ್ಲ ಕೇಳಿಸಿತು: "ತನ್ನ ಹೋರಿ ಬ್ಯಾಡ ಅಂತ ತಾನ ಹೇಳೂ ಮಂದಿ ಎಲ್ಲಿ ಸಿಗತಾರ್ರಿ? ಸಾತವ್ವಕ್ಕ ಯಾವ್ದ ಕೊಡತಾಳೋ ಅದ ಇರ್ಲಿ."

ಸಾತವ್ವನ ಕಣ್ಣು ತುಂಬಿತು, ಆದರೂ ತಲೆ ಎತ್ತಿಯೇ ನಿಂತಿದ್ದಳು. ಬೂದು ಹೋರಿಯ ಹಗ್ಗ ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು.

"ನೀನ ತಗೊಂಡ ಹೋಗವಾ. ನೀ ಬೆಳಸಿದ ಹೋರಿ."

ರಾಜೇಶ್ವರಿ ಒಂದೇ ಕೈಯಲ್ಲಿ ಹಗ್ಗ ಹಿಡಿದು ಆಕಳು ನಿಂತಿದ್ದ ಅಂಗಳಕ್ಕೆ ನಡೆದಳು. ಹೋರಿ ಅವಳ ಹಿಂದೆ ಬಂತು.