ಬಾಳವ್ವನ ಹೆಸರಿಗೆ ಬಂದ ಫೋನು

ನನ್ನ ಅಕ್ಕ ಬಾಳವ್ವ ಟೀವಿ ನೋಡುವ ಮೊದಲು ಸ್ನಾನ ಮಾಡುತ್ತಿದ್ದಳು ಎಂದರೆ ನೀವು ನಗುತ್ತೀರಿ. ನಗಿರಿ, ನಾನೂ ನಕ್ಕವಳೇ. ಎಲ್ಲ ಟೀವಿಗೂ ಅಲ್ಲ ಮತ್ತೆ, ಶನಿವಾರ ರವಿವಾರ ಸಂಜೆ ಬರುತ್ತಿದ್ದ ಪ್ರಶ್ನೋತ್ತರದ ಕಾರ್ಯಕ್ರಮಕ್ಕೆ ಮಾತ್ರ. ಮೈಮೇಲೆ ನಾಲ್ಕು ತಂಬಿಗೆ ನೀರು ಸುರಿದುಕೊಂಡು, ಇಳಕಲ್ ಸೀರೆ ಉಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು, ಬೆಳಗಾವಿಯ ಅನಗೋಳದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಳೆಂದರೆ ಮುಗಿಯಿತು. ಅರವತ್ತಾರು ವರ್ಷದ ಆ ಹೆಂಗಸಿನ ಎದುರು ಯಾರೂ ಕೆಮ್ಮುವಂತಿರಲಿಲ್ಲ.

“ಪರೀಕ್ಷಾ ಸುರು ಆಗೇತಿ. ಬಾಯಿ ಮುಚ್ಚಿಕೊಂಡ ಕುಂದರ್ರಿ ಎಲ್ಲಾರೂ,” ಅನ್ನುತ್ತಿದ್ದಳು.

ಪರೀಕ್ಷೆ ಅಂತ ಯಾಕೆ ಅನ್ನುತ್ತಿದ್ದಳೆಂದು ಹೇಳಬೇಕು. ನಮ್ಮದು ಖಾನಾಪುರ ತಾಲೂಕು, ನಂದಗಡದಿಂದ ಒಳಗೆ ಕಾಡಂಚಿನ ಹಳ್ಳಿ. ಅಪ್ಪ ಮೈಲಾರಲಿಂಗ ಕುರಿ ಕಾಯುತ್ತಿದ್ದ. ಬಾಳವ್ವ ದಿನಾ ನಡೆದು ನಂದಗಡದ ಸಾಲಿಗೆ ಹೋಗಿ ಏಳನೇ ಇಯತ್ತೆಯವರೆಗೆ ಬಂದಿದ್ದಳು. ಏಳನೆಯದರ ಕೊನೆಗೆ ಬರುವ ಮುಲ್ಕಿ ಪರೀಕ್ಷೆಗೆ ಅರ್ಜಿ ತುಂಬಿ ಹದಿನೈದು ದಿನವೂ ಆಗಿರಲಿಲ್ಲ, ಅವ್ವ ಪದ್ಮವ್ವ ತೀರಿಕೊಂಡಳು. ಆಗ ನನಗೆ ಒಂದೂವರೆ ವರ್ಷ, ಅಣ್ಣ ಯಲ್ಲೇಶನಿಗೆ ಐದು. ಮಾಸ್ತರರು ಮನೆತನಕ ಬಂದು, “ಬಾಳವ್ವಾ, ಪರೀಕ್ಷಾಕ್ಕ ಬರ್ತಿಯೇನವಾ?” ಅಂತ ಕೇಳಿದರಂತೆ. ಕೇಳಿದ್ದು ಆಕೆಯನ್ನು. ಆಕೆ ಬಾಯಿ ತೆರೆಯುವ ಮೊದಲೇ ಅಪ್ಪ, “ಬರೂದಿಲ್ರಿ,” ಅಂದ. ಆಕೆಯ ಸೊಂಟದ ಮೇಲೆ ನಾನಿದ್ದೆ.

ಮುಂದೆ ಹಲಸಿಯಿಂದ ಕನ್ಯಾ ನೋಡಲು ಬಂದರು. ಹುಡುಗಿಯನ್ನು ಕೂಡಿಸಿ ಹೆಸರೇನು, ಎಷ್ಟು ಕಲಿತಿದ್ದೀ, ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಎಂದು ಹಿರಿಯರು ಕೇಳುವುದು, ಹುಡುಗಿ ತಲೆ ತಗ್ಗಿಸಿ ಕೂರುವುದು, ಬಾಜು ಕೂತ ಅತ್ತೆಯೋ ಕಾಕಿಯೋ ಎಲ್ಲಕ್ಕೂ ಉತ್ತರ ಹೇಳುವುದು, ಇದು ನಮ್ಮ ಕಡೆಯ ಪದ್ಧತಿ. ಹುಡುಗನಿಗೆ ಆಕೆ ಒಪ್ಪಿಗೆಯಾಗಿದ್ದಳು. ಅಪ್ಪನೇ, “ಈಕಿ ಹ್ವಾದ್ರ ಸಣ್ಣವನ್ನ ಯಾರ ನೋಡವ್ರು?” ಎಂದು ಮಾತು ಮುರಿದ. ಆಕೆಗೆ ಆ ಹುಡುಗ ಮನಸ್ಸಿಗೆ ಬಂದಿದ್ದನೇ ಎಂದು ಯಾರೂ ಕೇಳಲಿಲ್ಲ. ನಾನಾದರೂ ಕೇಳಿದೆನೇ? ಇವತ್ತಿನವರೆಗೂ ಇಲ್ಲ.

ನನ್ನನ್ನು ಮಾತ್ರ ಆಕೆ ಸಾಲಿಗೆ ಹಚ್ಚಿದಳು. ಅಪ್ಪನ ಜೊತೆ ಜಗಳ ತೆಗೆದು, ಉಪವಾಸ ಬಿದ್ದು, ಹಾಸ್ಟೆಲ್ಲಿಗೆ ಕಳಿಸಿದಳು. ನಾನು ಟೀಚರಾದೆ. ಮಗಳು ಸೃಷ್ಟಿ ಹುಟ್ಟಿದಾಗ ಬಾಣಂತನಕ್ಕೆಂದು ಬೆಳಗಾವಿಗೆ ಬಂದ ಅಕ್ಕ ಇಲ್ಲೇ ಉಳಿದಳು. ವರ್ಷಕ್ಕೊಮ್ಮೆ ಭತ್ತದ ಸುಗ್ಗಿಗೆ ಯಲ್ಲೇಶನ ಮನೆಗೆ ಹೋಗಿ ಒಂದು ತಿಂಗಳು ಇದ್ದು ಬರುವುದು, ಅದೊಂದೇ ಆಕೆಯ ತಿರುಗಾಟ.

ಓದುವ ಚಟ ಮಾತ್ರ ಬಿಟ್ಟಿರಲಿಲ್ಲ. ಸೃಷ್ಟಿಯ ಪುಸ್ತಕಗಳನ್ನು ಒಂದನೆಯದರಿಂದ ಹತ್ತನೆಯದರವರೆಗೆ ಆಕೆಗಿಂತ ಮೊದಲು ಅಕ್ಕ ಓದಿ ಮುಗಿಸುತ್ತಿದ್ದಳು. ಶೇಂಗಾ ಕಟ್ಟಿ ತಂದ ಪೇಪರನ್ನೂ ಬಿಡುತ್ತಿರಲಿಲ್ಲ, ಮರಾಠಿಯದಾದರೂ ಸರಿ, ಕನ್ನಡದ್ದಾದರೂ ಸರಿ. ನಾನು ಮಕ್ಕಳ ಉತ್ತರ ಪತ್ರಿಕೆ ತಿದ್ದುವಾಗ ಹೆಗಲ ಮೇಲಿಂದ ಇಣುಕಿ, “ಅದು ಖರೇ ಐತಿ, ಯಾಕ ತಪ್ಪ ಹಾಕಿದಿ?” ಅನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದರೇನು, ಮತ್ತೊಮ್ಮೆ ನೋಡಿದರೆ ಅದು ಖರೇನೇ ಇರುತ್ತಿತ್ತು.

ಟೀವಿಯ ಎದುರು ನಮ್ಮಿಬ್ಬರ ಆಟಕ್ಕೆ ಒಂದು ನೇಮವಿತ್ತು. ಇಬ್ಬರ ಮುಂದೆಯೂ ಒಂದೊಂದು ಸ್ಟೀಲಿನ ಲೋಟ. ಉತ್ತರ ಹೇಳಿ ಲೋಟ ಬೋರಲು ಹಾಕಿದರೆ ಆಯಿತು, ಮತ್ತೆ ಬದಲಿಸುವಂತಿಲ್ಲ. ನನ್ನದು ಯಾವಾಗಲೂ ಮೊದಲು ಬೋರಲಾಗುತ್ತಿತ್ತು. ನನಗೆ ತಾಳ್ಮೆ ಎಂಬುದನ್ನು ದೇವರು ಕೊಟ್ಟಿಲ್ಲ, ಪ್ರಶ್ನೆ ಅರ್ಧಕ್ಕೆ ಬರುವಷ್ಟರಲ್ಲಿ ಉತ್ತರ ನಾಲಿಗೆಯ ತುದಿಗೆ ಬಂದಿರುತ್ತದೆ. ಅಕ್ಕ ನಾಲ್ಕೂ ಆಯ್ಕೆ ಕೇಳಿ, ಟೀವಿಯಲ್ಲಿ ಖುರ್ಚಿಯ ಮೇಲೆ ಕೂತವನು ಬೆವರು ಒರೆಸಿಕೊಳ್ಳುವವರೆಗೆ ಕಾದು, ಆಮೇಲೆ ಸಾವಕಾಶ ಲೋಟ ತಿರುವುತ್ತಿದ್ದಳು. ಹತ್ತಕ್ಕೆ ಏಳು ಸಲ ಆಕೆಯದೇ ಸರಿ.

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು, ಟೀಚರಬಾಯಾರ,” ಎಂದು ನನ್ನನ್ನು ಕಾಡುತ್ತಿದ್ದಳು. ಸೃಷ್ಟಿ ಬಿದ್ದು ಬಿದ್ದು ನಗುತ್ತಿದ್ದಳು.

ಒಮ್ಮೆ ನಾನು ಕೇಳಿದೆ, “ಅಕ್ಕಾ, ನಿನಗ ಆ ಖುರ್ಚಿ ಮ್ಯಾಲ ಕುಂದರಬೇಕ ಅನಸ್ತೈತೇನ? ರೊಕ್ಕದ ಆಸೇನ?”

“ರೊಕ್ಕ ತಗೊಂಡ ಏನ್ ಸುಡೂದೈತಿ? ಅಲ್ಲಿ ನೋಡು ಸಣ್ಣವ್ವಾ, ಪ್ರಶ್ನಾ ಕೇಳಾಂವ ಹೆಸರ ಹಿಡದ ಕೇಳ್ತಾನ. ಕೇಳಿ ಕುಂತ ಕಾಯ್ತಾನ. ಬಾಜೂದವ್ರ ಬಾಯಿ ಹಾಕಂಗಿಲ್ಲ. ಕುಂತಾಕಿನ ಹೇಳಬೇಕು. ನನ್ನ ಅಷ್ಟೊತ್ತ ಯಾರ ಕಾದಾರವಾ?” ಅಂದಳು.

ಸೃಷ್ಟಿಯ ಕಣ್ಣಲ್ಲಿ ನೀರು ಬಂತು. ಆ ವಾರವೇ ಆಕೆ ಬಾಳವ್ವನ ಹೆಸರು, ಬಾಳವ್ವನ ಫೋನ್ ನಂಬರು ಕೊಟ್ಟು ಕಾರ್ಯಕ್ರಮಕ್ಕೆ ಹೆಸರು ನೋಂದಾಯಿಸಿದಳು. ಆಯ್ಕೆಯಾದವರಿಗೆ ಫೋನ್ ಬರುತ್ತದೆ, ಒಂದು ಪ್ರಶ್ನೆ ಕೇಳುತ್ತಾರೆ, ಸರಿ ಹೇಳಿದರೆ ಮುಂದಿನ ಸುತ್ತಿಗೆ ಕರೆಯುತ್ತಾರೆ, ತಪ್ಪಿದರೆ ಅಲ್ಲಿಗೆ ಮುಗಿಯಿತು. ಹೀಗೆಂದು ಟೀವಿಯಲ್ಲಿ ದಿನಾ ಹೇಳುತ್ತಿದ್ದರು.

ಫೋನು ಬಂತು. ರವಿವಾರ ಮುಂಜಾನೆ ಹನ್ನೊಂದರ ಸುಮಾರು. ಅಕ್ಕ ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದಳು. ಆಕೆಯ ಸಣ್ಣ ಫೋನು ಪಡಸಾಲೆಯ ಗೋಡೆಯ ಮಾಡದಲ್ಲಿ ಚಾರ್ಜಿಗಿತ್ತು. ನಾನು ಎತ್ತಿದೆ.

“ಹಲೋ, ಬಾಳವ್ವ ಅವರು ಮಾತಾಡ್ತಿರೋದಾ ಮೇಡಂ?”

“ಹೌದ್ರಿ, ಹೇಳ್ರಿ,” ಅಂದೆ.

ಇದಕ್ಕೆ ನನ್ನನ್ನು ನೀವು ಬೈಯಬಹುದು, ಆದರೆ ನಡೆದದ್ದು ನಡೆದ ಹಾಗೆ ಹೇಳುತ್ತೇನೆ. ಗ್ಯಾಸಿನವರಿಗೆ, ಬ್ಯಾಂಕಿನವರಿಗೆ, ಆಧಾರ್ ಕಾರ್ಡಿನವರಿಗೆ ಅಕ್ಕನ ಪರವಾಗಿ ಇಪ್ಪತ್ತು ವರ್ಷದಿಂದ ನಾನೇ ಹೌದ್ರಿ ಅನ್ನುತ್ತ ಬಂದವಳು. ಬಾಯಿಗೆ ಅದೇ ರೂಢಿ. ಆದರೆ ಫೋನಿನಲ್ಲಿದ್ದ ಆ ಹುಡುಗಿ ಕಾರ್ಯಕ್ರಮದ ಹೆಸರು ಹೇಳಿ, “ಒಂದು ಪ್ರಶ್ನೆ ಕೇಳ್ತೀನಿ, ನಾಲ್ಕು ಆಯ್ಕೆ ಇರುತ್ತೆ, ರೆಡೀನಾ?” ಅಂದಾಗ ನನಗೆ ಎಚ್ಚರವಿತ್ತು. ಆಗ ಕರೆಯಬಹುದಿತ್ತು. ನಾನು ಏನು ಯೋಚಿಸಿದೆ ಗೊತ್ತೇ? ಅಕ್ಕ ಗಾಬರಿಯಾಗಿ ತಡವರಿಸುತ್ತಾಳೆ, ನಾನೇ ಹೇಳಿ ಗೆಲ್ಲಿಸಿಬಿಡುತ್ತೇನೆ, ಆಮೇಲೆ ಹಿತ್ತಲಿಗೆ ಹೋಗಿ ಸುದ್ದಿ ಹೇಳುತ್ತೇನೆ ಎಂದು. ಹತ್ತಕ್ಕೆ ಏಳು ಸಲ ಸೋತವಳು ನಾನು, ಅದು ಆ ಹೊತ್ತಿಗೆ ನೆನಪಾಗಲಿಲ್ಲ.

“ಕುರಿಯ ಮೇಲ್ದವಡೆಯ ಮುಂಭಾಗದಲ್ಲಿ ಎಷ್ಟು ಹಲ್ಲುಗಳಿರುತ್ತವೆ? ಎ, ನಾಲ್ಕು. ಬಿ, ಆರು. ಸಿ, ಎಂಟು...”

ನನಗೆ ನಗು ಬಂತು. ಕುರಿ ಕಾಯುವವನ ಮಗಳಿಗೆ ಕುರಿಯ ಪ್ರಶ್ನೆ! ಸಂತೆಯಲ್ಲಿ ಅಪ್ಪ ಕುರಿಯ ತುಟಿ ಸರಿಸಿ, “ಎಂಟ ಹಲ್ಲ ಬಂದಾವ ನೋಡ್ರಿ,” ಅನ್ನುತ್ತಿದ್ದದ್ದು ಕಿವಿಯಲ್ಲಿತ್ತು. ನಾಲ್ಕನೆಯ ಆಯ್ಕೆ ಕೇಳುವವರೆಗೂ ತಡೆಯಲಿಲ್ಲ.

“ಎಂಟು. ಎಂಟ್ರಿ,” ಅಂದೆ.

“ಕ್ಷಮಿಸಿ ಮೇಡಂ, ನಿಮ್ಮ ಉತ್ತರ ತಪ್ಪಾಗಿದೆ. ಭಾಗವಹಿಸಿದ್ದಕ್ಕೆ ಧನ್ಯವಾದ.”

ಫೋನು ಇಟ್ಟುಬಿಟ್ಟಳು. ಅಕ್ಕ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದಳು.

“ಯಾರ್ದವಾ ಫೋನ?”

“ಕಂಪನೀದು,” ಅಂದೆ. ಕರೆಯ ಗುರುತನ್ನೂ ಅಳಿಸಿಹಾಕಿದೆ. ಮಕ್ಕಳಿಗೆ ನಿತ್ಯ ಸುಳ್ಳು ಹೇಳಬಾರದೆಂದು ಕಲಿಸುವ ಬಾಯಿ ಇದು.

ಅವತ್ತು ಹೇಳಿಬಿಟ್ಟಿದ್ದರೆ ಅವತ್ತಿಗೇ ಮುಗಿಯುತ್ತಿತ್ತೋ ಏನೋ. ನಾಳೆ ಹೇಳೋಣ, ಹಬ್ಬ ಮುಗಿಯಲಿ, ಆಕೆಯ ಮಂಡಿನೋವು ಕಡಿಮೆಯಾಗಲಿ ಎಂದು ತಿಂಗಳುಗಳು ಹೋದವು. ಅಕ್ಕ ಕಾಯುತ್ತಿದ್ದಳು. ಬಚ್ಚಲಿಗೆ ಹೋದರೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯುತ್ತಿದ್ದಳು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದಾಗ ಒಳಗಿನಿಂದ ಆಕೆಯ ದನಿ ಕೇಳಿಸಿತು. ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಳ್ಳುತ್ತಿದ್ದಳು. “ಹಲೋ, ಹೌದ್ರಿ, ನಾನು ಬಾಳವ್ವ ಮಾತಾಡಾಕತ್ತೇನ್ರಿ. ಕೇಳ್ರಿ, ಹೇಳ್ತೇನಿ.” ನಾನು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಓಣಿಗೆ ಹೋಗಿ ಸುಮ್ಮನೆ ತಿರುಗಾಡಿ ಬಂದೆ.

ಆ ವರ್ಷ ಅಕ್ಕ ಸುಗ್ಗಿಗೆ ಹೋಗಲಿಲ್ಲ. “ಅಲ್ಲಿ ರೇಂಜ್ ಬರಂಗಿಲ್ಲವಾ,” ಅಂದಳು. ಯಲ್ಲೇಶನ ಮನೆಯ ಸುತ್ತ ಬರೀ ಕಾಡು, ಫೋನು ಹಿಡಿಯುವುದಿಲ್ಲ ಎನ್ನುವುದು ಖರೇ. ವೈಶಾಖದಲ್ಲಿ ಯಲ್ಲೇಶನ ಮಗಳು ಸಪ್ನಾಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಹಿಡಿದು ತಾನೇ ಬಂದ. ಅಕ್ಕನ ಕಾಲಿಗೆ ಬಿದ್ದು ಹದಿನೈದು ದಿನ ಮೊದಲೇ ಬರಬೇಕೆಂದ. ಅಕ್ಕ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, “ಅಕ್ಕಿಕಾಳ ಹಾಕೂ ಹೊತ್ತಿಗೆ ಬಂದ ಹೊಳ್ಳಿ ಬಂದಬಿಡ್ತೇನಿ, ಉಳ್ಯಾಕ ಆಗಂಗಿಲ್ಲಪಾ,” ಅಂದಳು.

“ನನ್ನ ಹೆತ್ತಾಕಿಗಿಂತ ಹೆಚ್ಚ ನೀ. ನನ್ನ ಮಗಳ ಮದಿವಿಗೆ ಬೀಗರ ಹಂಗ ಬರ್ತಿಯೇನ ಅಕ್ಕಾ?” ಅಂದವನು ಚಹಾ ಕೂಡ ಕುಡಿಯದೆ ಎದ್ದು ಹೋದ. ಅರವತ್ತರ ಹತ್ತಿರದ ಗಂಡಸು, ಗೇಟಿನ ಬಳಿ ಟವೆಲಿನಿಂದ ಕಣ್ಣು ಒರೆಸಿಕೊಂಡ.

ನನಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪದಿಂದ ಹೇಳಿದೆ ಎಂದು ಬರೆದುಕೊಂಡರೆ ಅದೂ ಸುಳ್ಳಾಗುತ್ತದೆ. ಸಿಟ್ಟಿನಿಂದಲೇ ಒದರಿದೆ.

“ಒಂದು ಫೋನಿನ ಸಲುವಾಗಿ ತಮ್ಮನ ಅಳಸ್ತಿಯಲ್ಲ! ಇನ್ನ ಆ ಫೋನ ಬರಂಗಿಲ್ಲ ಅಕ್ಕಾ. ಬಂದಿತ್ತು. ಬಂದ ಹೋತು!”

ಅಕ್ಕ ನನ್ನ ಮುಖ ನೋಡಿದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಸಿಟ್ಟು ಇಳಿದು ಅಳು ಬಂತು. ಆಕೆ ಬೈಯಲಿಲ್ಲ. ಮೊದಲು ಇಷ್ಟು ಕೇಳಿದಳು.

“ಏನ ಕೇಳಿದ್ರವಾ?”

“ಕುರಿಗೆ ಮ್ಯಾಲ, ಮುಂದ, ಎಷ್ಟ ಹಲ್ಲ ಇರ್ತಾವ ಅಂತ.”

“ಒಂದೂ ಇರಂಗಿಲ್ಲ,” ಅಂದಳು ತಟ್ಟನೆ. “ಎಂಟೂ ಕೆಳಗಿನವು. ಮ್ಯಾಲ ಬರೇ ವಸಡ. ಮರಿಗೆ ಮೇವ ತಿನಸೂ ಮುಂದ ಬೆರಳ ಬಾಯಾಗ ಇಟ್ಟಿದ್ರ ನಿನಗೂ ಗೊತ್ತಾಗ್ತಿತ್ತು. ನೀ ಹಾಸ್ಟೆಲ್ಲಿನ್ಯಾಗ ಇದ್ದಿ.”

ಆಮೇಲೆ ಮತ್ತೆ ಕೇಳಿದಳು, “ನಾ ಎಲ್ಲಿದ್ದೆ ಆವಾಗ?”

“ಹಿತ್ತಲದಾಗ. ಅರಿವಿ ಒಣಾ ಹಾಕಾಕತ್ತಿದ್ದಿ.”

ಅಕ್ಕ ತಿರುಗಿ ಹಿತ್ತಲ ಬಾಗಿಲನ್ನು ನೋಡಿದಳು. ಪಡಸಾಲೆಯಿಂದ ಅಲ್ಲಿಗೆ ಹತ್ತು ಹೆಜ್ಜೆಯೂ ಇಲ್ಲ. “ಒಂದ ಸಲ ಒದರಿದ್ರ ಕೇಳತಿತ್ತಲ್ಲವಾ,” ಅಂದಳು. ಅಷ್ಟೇ ಅಂದಳು.

ಮರುದಿನವೇ ಗಂಟು ಕಟ್ಟಿಕೊಂಡು ಖಾನಾಪುರದ ಬಸ್ಸು ಹತ್ತಿದಳು. ಸಪ್ನಾಳ ಮದುವೆಯಲ್ಲಿ ಅರಿಸಿನ ಕುಟ್ಟಿದ್ದು, ಬೀಗರಿಗೆ ಬಡಿಸಿದ್ದು, ಬಂದವರೊಡನೆ ನಕ್ಕಿದ್ದು ಎಲ್ಲ ಆಕೆಯೇ. ಯಲ್ಲೇಶ ಖುಷಿಯಿಂದ ಹಿಗ್ಗಿದ. ಫೋನನ್ನು ನಮ್ಮ ಮನೆಯ ಮಾಡದಲ್ಲೇ ಬಿಟ್ಟುಹೋಗಿದ್ದಳು.

ತಿರುಗಿ ಬಂದ ವಾರದ ಶನಿವಾರ ನಾನೇ ಚಾಪೆ ಹಾಸಿ ಟೀವಿ ಹಚ್ಚಿದೆ. ಅಕ್ಕ ಸ್ನಾನಕ್ಕೆ ಏಳಲಿಲ್ಲ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಖುರ್ಚಿಯ ಮೇಲೆ ಯಾರೋ ವಿಜಯಪುರದ ಹೆಂಗಸು ಕೂತಿದ್ದಳು, ಮೊದಲ ಪ್ರಶ್ನೆ ಬರುವುದರಲ್ಲಿತ್ತು.

“ಅಕ್ಕಾ, ಸುರು ಆತು. ಬಾ,” ಎಂದು ಕರೆದೆ.

“ನೀನ ಹೇಳವಾ,” ಅಂದಳು ಒಳಗಿನಿಂದ. “ಯಾರಂತ ಕೇಳಿದ್ರ, ನಾನ ಬಾಳವ್ವ ಅದೇನಿ ಅನ್ನು.”

ಸಿಟ್ಟಿನಿಂದ ಅಂದಿದ್ದರೆ ನಾನೂ ಏನಾದರೂ ಎದುರಾಡುತ್ತಿದ್ದೆ. ಆಕೆಗೆ ಸಿಟ್ಟು ಇರಲಿಲ್ಲ. ನಾಳೆ ಹಾಲು ಅರ್ಧ ಲೀಟರ್ ಸಾಕು ಎಂದು ಹೇಳುವ ಹಾಗೆ ಹೇಳಿದಳು, ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು.