ಸಣ್ಣಯ್ಯನ ಮನೆಯ ಫಿಲ್ಟರ್

ಅರಸೀಕೆರೆಯ ಒಂದು ಜೂನಿಯರ್ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಣ್ಣಯ್ಯ ಇಪ್ಪತ್ತೆರಡು ವರ್ಷದಿಂದ ಅಟೆಂಡರ್ ಆಗಿದ್ದ. ಯಾವ ಬಾಟಲಿ ಯಾವ ಕಪಾಟಿನಲ್ಲಿದೆ, ಯಾವ ಆಸಿಡ್ಡಿಗೆ ನೀರು ಸುರಿಯಬಾರದು, ಒಡೆದ ಗಾಜನ್ನು ಹೇಗೆ ಎತ್ತಬೇಕು ಎಂಬುದೆಲ್ಲ ಅವನ ಕೈಗೆ ಗೊತ್ತಿತ್ತು. ಯಾಕೆ ಎಂದು ಅವನು ಕೇಳಿದವನಲ್ಲ. ಕರೆದು ಹೇಳಿದವರೂ ಇರಲಿಲ್ಲ. ಸಂಜೆಯ ಬಸ್ಸಿನಲ್ಲಿ ಕಣಕಟ್ಟೆಗೆ ಹೋಗಿ, ಅಲ್ಲಿಂದ ತೆಂಗಿನ ತೋಟಗಳ ನಡುವೆ ಎರಡು ಮೈಲಿ ನಡೆದರೆ ಅವನ ಊರು.

ಮನೆಯಲ್ಲಿದ್ದವರು ಹೆಂಡತಿ ದ್ಯಾವಮ್ಮ ಮತ್ತು ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಮಂಜುಳಾ. 1996ರಲ್ಲಿ ಮಂಜುಳಾಗೆ ಎಂಟು ವರ್ಷ. ನೆಟ್ಟಗೆ ನಿಂತರೆ ಅವಳ ಮೊಣಕಾಲುಗಳು ಒಂದಕ್ಕೊಂದು ತಾಗಿ, ಪಾದಗಳು ಗೇಣು ದೂರ ಉಳಿಯುತ್ತಿದ್ದವು. ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ದ್ಯಾವಮ್ಮನಿಗೆ ಕುತ್ತಿಗೆಯೇ ಹೊರಳುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕಿತ್ತು. ಡಾಕ್ಟರೊಬ್ಬರು ವಾತ ಎಂದು ಮಾತ್ರೆ ಕೊಟ್ಟು, ನೀರನ್ನು ಕುದಿಸಿ ಕುಡಿಯಿರಿ ಎಂದಿದ್ದರು. ಅಂದಿನಿಂದ ಅವಳು ಬೋರ್‌ವೆಲ್ ನೀರನ್ನು ದಿನವೂ ಶ್ರದ್ಧೆಯಿಂದ ಮರಳಿಸುತ್ತಿದ್ದಳು, ಹಂಡೆಯಲ್ಲಿ ನಾಲ್ಕು ಬೆರಳು ನೀರು ಇಳಿಯುವವರೆಗೂ.

ಆ ವರ್ಷ ಕಾಲೇಜಿಗೆ ಪದ್ಮಪ್ರಸಾದ್ ಎಂಬ ಹೊಸ ಲೆಕ್ಚರರ್ ಬಂದರು. ಹಳೇಬೀಡಿನ ಕಡೆಯವರು, ವಯಸ್ಸು ಮೂವತ್ತೂ ಆಗಿರಲಿಲ್ಲ. ಒಂದು ದಿನ ಅವರು ಹುಡುಗರಿಗೆ ಮನೆಯ ನೀರನ್ನು ತರಲು ಹೇಳಿ, ಒಂದೊಂದು ಗಾಜಿನ ನಳಿಗೆಗೂ ಕೆಂಪು ದ್ರಾವಣದ ನಾಲ್ಕಾರು ಹನಿ ಬಿಟ್ಟರು. ನೀರಿನಲ್ಲಿ ಫ್ಲೋರೈಡ್ ಇಲ್ಲದಿದ್ದರೆ ಅದು ಗುಲಾಬಿ ಬಣ್ಣದಲ್ಲೇ ಉಳಿಯುತ್ತದೆ, ಹೆಚ್ಚಿದ್ದರೆ ಹಳದಿಯಾಗುತ್ತದೆ. ಸಣ್ಣಯ್ಯನೂ ಊಟದ ಚೀಲದಲ್ಲಿದ್ದ ಬಾಟಲಿಯಿಂದ ಒಂದಿಷ್ಟು ಸುರಿದ. ಅದು ಅರಿಸಿನ ಕದಡಿದಂತಾಯಿತು.

"ಸಾ, ನಂದ್ ಒಂದೇ ಯಾಕೆ ಹಿಂಗಾತು?"

"ಎಲ್ಲಿಯ ನೀರು ಇದು, ಸಣ್ಣಯ್ಯ?"

"ನಮ್ಮೂರ ಬೋರ್‌ವೆಲ್ದು. ಕಾಯಿಸಿ ಆರಿಸಿದ್ದು ಸಾ."

ಪದ್ಮಪ್ರಸಾದ್ ಹುಡುಗರನ್ನು ಕಳುಹಿಸಿ, ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಆಳದ ಬಂಡೆಯಿಂದ ಫ್ಲೋರೈಡ್ ನೀರಿಗೆ ಕರಗಿ ಬರುತ್ತದೆ ಎಂದರು. ಮೂಳೆ ಎಂದರೆ ಸುಣ್ಣದ ಅಂಶ ಸಾಲಾಗಿ ಕೂತು ಕಟ್ಟಿದ ಗೋಡೆ; ಆ ಸಾಲುಗಳ ನಡುವೆ ಹೈಡ್ರಾಕ್ಸಿಲ್ ಎಂಬುದಕ್ಕೆ ಒಂದು ಜಾಗವಿದೆ. ಫ್ಲೋರೈಡಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ವಿದ್ಯುತ್ತಿನ ಗುಣವೂ ಅದೇ. ಹಾಗಾಗಿ ಅದು ಇದನ್ನು ಎಬ್ಬಿಸಿ ತಾನು ಕೂರುತ್ತದೆ, ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೀಲುಗಳ ನಡುವಿನ ಮೆತ್ತಗಿನ ಪಟ್ಟಿಗಳೂ ಬರಬರುತ್ತಾ ಮೂಳೆಯಾಗುತ್ತವೆ.

"ಮತ್ತೆ ಕುದಿಸೋದು?"

"ಕುದಿಸಿದರೆ ನೀರು ಮಾತ್ರ ಆವಿಯಾಗಿ ಹೋಗುತ್ತೆ. ಅದು ಪಾತ್ರೆಯಲ್ಲೇ ಉಳಿಯುತ್ತೆ. ಉಳಿದ ನೀರಲ್ಲಿ ಇನ್ನೂ ಜಾಸ್ತಿಯಾಗುತ್ತೆ."

ನಾಲ್ಕು ಬೆರಳು ಇಳಿದ ಹಂಡೆ ಸಣ್ಣಯ್ಯನ ಕಣ್ಣಿಗೆ ಕಟ್ಟಿತ್ತು.

ಹದಿನೈದು ದಿನದಲ್ಲಿ ಪದ್ಮಪ್ರಸಾದ್ ಎಲ್ಲಿಂದಲೋ ಫ್ಲೋರೈಡ್ ಹಿಡಿದುಕೊಳ್ಳುವ ಅಲ್ಯೂಮಿನಾದ ಬಿಳಿ ಕಾಳುಗಳನ್ನು ತರಿಸಿದರು. ಒಂದರ ಮೇಲೊಂದು ಎರಡು ಸ್ಟೀಲ್ ಡ್ರಮ್ಮು, ಮೇಲಿನದರಲ್ಲಿ ಕಾಳು, ಕೆಳಗಿನದಕ್ಕೆ ನಲ್ಲಿ. ಕೆಳಗೆ ಬಂದ ನೀರು ಪರೀಕ್ಷೆಯಲ್ಲಿ ಗುಲಾಬಿಯಾಗಿಯೇ ಉಳಿಯಿತು. ಸಣ್ಣಯ್ಯ ಆ ಫಿಲ್ಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಒಯ್ದ. ಕೆಂಪು ದ್ರಾವಣದ ಒಂದು ಸಣ್ಣ ಶೀಷೆಯನ್ನೂ ಕೊಟ್ಟಿದ್ದರು. ಅದು ಎರಡು ತಿಂಗಳಲ್ಲಿ ಮುಗಿಯಿತು. ಅಷ್ಟರಲ್ಲೇ ಪದ್ಮಪ್ರಸಾದರಿಗೆ ಬೇಲೂರಿಗೆ ವರ್ಗವಾಯಿತು.

ಎರಡು ವರ್ಷ ಆ ಮನೆಯವರು ಅದೇ ನೀರು ಕುಡಿದರು. ಸಣ್ಣಯ್ಯ ವಾರಕ್ಕೊಮ್ಮೆ ಕಾಳುಗಳನ್ನು ಸುರಿದು, ಚೆನ್ನಾಗಿ ಜಾಲಾಡಿ, ಮತ್ತೆ ತುಂಬುತ್ತಿದ್ದ. ದ್ಯಾವಮ್ಮನ ಬೆನ್ನು ಬಾಗುತ್ತಲೇ ಹೋಯಿತು. ಮಂಜುಳಾ ಓಡುವುದನ್ನು ಬಿಟ್ಟಳು, ಆಮೇಲೆ ಶಾಲೆಗೆ ನಡೆಯುವುದನ್ನೂ. ಹಳೆಯ ವಿಷ ಇಳಿಯಲು ಸಮಯ ಹಿಡಿಯುತ್ತದೆ ಎಂದುಕೊಂಡು ಅವನು ಇನ್ನಷ್ಟು ನೀರು ಕುಡಿಸಿದ.

1999ರ ಬೇಸಿಗೆಯಲ್ಲಿ ತಾಳಲಾರದೆ ಒಂದು ಬಾಟಲಿ ನೀರು ಹಿಡಿದುಕೊಂಡು ಬೇಲೂರಿನ ಬಸ್ಸು ಹತ್ತಿದ. ಪದ್ಮಪ್ರಸಾದ್ ಅವನನ್ನು ಕಂಡು ಸಂತೋಷಪಟ್ಟರು. ಆದರೆ ಪರೀಕ್ಷೆ ಮಾಡಿದ ನೀರು ಕಣ್ಣೆದುರೇ ಹಳದಿಗೆ ತಿರುಗಿತು.

"ಕಾಳನ್ನ ತೊಳೀತಿದ್ರಾ?"

"ವಾರ ವಾರ ತೊಳೀತೀನಿ ಸಾ. ಮೂರು ಮೂರು ನೀರಲ್ಲಿ."

"ಬರೀ ನೀರಲ್ಲಲ್ಲ, ಸಣ್ಣಯ್ಯ. ಎರಡು ಮೂರು ತಿಂಗಳಿಗೊಮ್ಮೆ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಆಮೇಲೆ ತೆಳು ಆಸಿಡ್ಡಲ್ಲಿ..." ಅವರು ಮಾತು ನಿಲ್ಲಿಸಿದರು. "ನಾನು ಹೇಳಿರಲಿಲ್ವಾ?"

ಹೇಳಿದ್ದರೋ ಇಲ್ಲವೋ ಇಬ್ಬರಿಗೂ ನೆನಪಾಗಲಿಲ್ಲ. ಫ್ಲೋರೈಡ್ ಕಾಳಿನ ಮೈಗೆ ಅಂಟಿಕೊಳ್ಳುತ್ತದೆ, ಅಂಟಲು ಜಾಗ ಇರುವುದು ಇಷ್ಟೇ ಎಂದು ಅಳತೆಯುಂಟು, ಅದು ಮುಗಿದ ಮೇಲೆ ಬಂದದ್ದೆಲ್ಲ ಹಾಗೇ ಕೆಳಗೆ ಇಳಿಯುತ್ತದೆ, ಅಂಟಿದ್ದನ್ನು ಬಿಡಿಸಲು ಕಾಸ್ಟಿಕ್ ಸೋಡಾವೇ ಬೇಕು ಎಂದು ಪದ್ಮಪ್ರಸಾದ್ ತಗ್ಗಿದ ದನಿಯಲ್ಲಿ ವಿವರಿಸಿದರು. ನೀರಿನ ಬಣ್ಣ ಕೆಡುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಸಣ್ಣಯ್ಯ ಎದ್ದು ನಿಂತು ಕೈಮುಗಿದ. ಅವರು ಆ ಕೈಗಳನ್ನು ಹಿಡಿದುಕೊಂಡು, "ಬೇಡ" ಎಂದಷ್ಟೇ ಹೇಳಿದರು.

ಮನೆ ಸೇರಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಅವನು ಹೊಸ್ತಿಲಲ್ಲೇ ಕೂತುಬಿಟ್ಟ. ದ್ಯಾವಮ್ಮ ಗೋಡೆ ಹಿಡಿದು ಬಂದಳು.

"ಏನಂದ್ರು ಮೇಷ್ಟ್ರು?"

"ಎರಡ್ ವರ್ಷದಿಂದ ನಾನೇ ವಿಷ ಕುಡಿಸ್ದೆ ಕಣೇ ನಿಮಗೆ."

"ನೀವೇನ್ ಬೇಕಂತ ಕುಡಿಸಿದ್ರಾ? ಏಳಿ. ಮಗೀಗೆ ಬಾಯಾರೈತೆ, ಆವಾಗಿಂದ ಕೇಳ್ತಾ ಐತೆ" ಎಂದಳು.

ಒಳಗಿನಿಂದ ಮಂಜುಳಾ ಕರೆದಳು, "ಅಪ್ಪಾ, ನೀರು."

ಸಣ್ಣಯ್ಯ ಲೋಟ ತೆಗೆದುಕೊಂಡು ಡ್ರಮ್ಮಿನ ಮುಂದೆ ನಿಂತ. ಮನೆಯಲ್ಲಿದ್ದದ್ದು ಅದೊಂದೇ ನೀರು. ಊರಿನ ಎಲ್ಲ ಮನೆಯಲ್ಲೂ ಅದೇ. ನಲ್ಲಿ ತಿರುಗಿಸಿದ, ಮತ್ತೆ ನಿಲ್ಲಿಸಿದ. ಮಗಳು ಇನ್ನೊಂದು ಸಲ ಕರೆದಳು. ಅವನು ಲೋಟವನ್ನು ನೆಲಕ್ಕೆ ಬಡಿದು ಪಕ್ಕದ ತೋಟಕ್ಕೆ ಓಡಿ, ಐವತ್ತರ ವಯಸ್ಸಿನಲ್ಲಿ ಮರ ಹತ್ತಿ, ಎದೆ ತರಚಿಕೊಂಡು ಎರಡು ಎಳನೀರು ಕೆಡವಿದ. ತೋಟದ ಕರಿಯಪ್ಪ "ಏನ್ಲಾ ಸಣ್ಣ, ಹುಚ್ಚ್ ಹಿಡೀತಾ?" ಎಂದು ಬೈಯುತ್ತಾ ಬಂದವನು, ಅವನ ಮುಖ ನೋಡಿ ತಾನೇ ಮಚ್ಚು ತಂದು ಕೆತ್ತಿಕೊಟ್ಟ. ಮಂಜುಳಾ ಕುಡಿದಳು. ನಾಳೆಗೆ ಏನು ಎಂಬುದು ಅವನಿಗೆ ತೋಚಲಿಲ್ಲ.

ಮರುದಿನದಿಂದ ಅವನು ಬಸ್ಸಿನಲ್ಲಿ ಎರಡು ಕ್ಯಾನು ನೀರನ್ನು ಪೇಟೆಯಿಂದ ಹೊತ್ತು ತರತೊಡಗಿದ. ಬಸ್ಸಿಲ್ಲದ ದಿನ ನೀರೂ ಇರಲಿಲ್ಲ. ಬೇಲೂರಿನಿಂದ ಹೊಸ ಕಾಳು ಬಂದ ಮೇಲೆ ಅವನ್ನು ತೊಳೆಯಲು ಮೂರು ತಿಂಗಳಿಗೊಮ್ಮೆ ಹಿತ್ತಲಲ್ಲಿ ತಾನೇ ಕಾಸ್ಟಿಕ್ ಸೋಡಾ ಕರಗಿಸುತ್ತಿದ್ದ. ಮೊದಲ ಸಲ ಅವಸರಕ್ಕೆ ಬರಿಗೈ ಅದ್ದಿದ. ಕೈ ಸಾಬೂನಿನಂತೆ ಜಾರಿತು, ಆಮೇಲೆ ಚರ್ಮ ಸುಲಿಯಿತು. ಜಾರಿದ್ದು ತನ್ನದೇ ಚರ್ಮದ ಜಿಡ್ಡು ಸಾಬೂನಾಗಿ ಎಂದು ಅವನಿಗೆ ಗೊತ್ತಿತ್ತು. ಈಗ ಅವನು ಎಲ್ಲಕ್ಕೂ ಯಾಕೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದ. ಕೇಳಿ ತಿಳಿದದ್ದರಿಂದ ದ್ಯಾವಮ್ಮನ ಬೆನ್ನು ನೆಟ್ಟಗಾಗಲಿಲ್ಲ.

2002ರಲ್ಲಿ ಅವಳು ಅಂಗಳಕ್ಕೆ ಇಳಿಯುವಾಗ ಕಾಲು ತಪ್ಪಿ ಕೂತಳು. ಬಿದ್ದಳು ಎನ್ನುವಷ್ಟೂ ಇಲ್ಲ. ತೊಡೆಯ ಮೂಳೆ ಮುರಿದಿತ್ತು. ಹಾಸನದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಬೆಳಕಿಗೆ ಹಿಡಿದಾಗ ಅವಳ ಮೂಳೆಗಳು ಸುಣ್ಣ ಬಳಿದಂತೆ ಬೆಳ್ಳಗೆ, ದಪ್ಪಗೆ ಕಂಡವು.

"ಇಷ್ಟ್ ಗಟ್ಟಿಯಾಗಿರೋದು ಯಾಕ್ ಮುರೀತು ಸಾ?" ಎಂದು ಸಣ್ಣಯ್ಯ ಕೇಳಿದ.

"ಗಟ್ಟಿಯಾಗಿದೆ, ಆದರೆ ಬಾಗೋ ಗುಣ ಹೋಗಿದೆ," ಎಂದರು ಡಾಕ್ಟರು. "ಒಳ್ಳೆ ಮೂಳೆ ಪೆಟ್ಟು ಬಿದ್ದಾಗ ಚೂರು ಬಾಗಿ ತಡ್ಕೊಳ್ಳುತ್ತೆ. ಇದು ತಡ್ಕೊಳ್ಳಲ್ಲ."

ದ್ಯಾವಮ್ಮ ಮತ್ತೆ ಏಳಲಿಲ್ಲ. ಏಳು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡಳು.

ಮಂಜುಳಾ ಬೆಳೆಯುವ ವಯಸ್ಸಿನವಳಾದ್ದರಿಂದ ಒಳ್ಳೆಯ ನೀರು, ಹಾಲು, ರಾಗಿಯಿಂದ ಅವಳ ನೋವು ಇಳಿಯಿತು. ಹದಿನಾರನೆಯ ವಯಸ್ಸಿಗೆ ಆಪರೇಷನ್ ಮಾಡಿ ಬಲಗಾಲನ್ನು ನೆಟ್ಟಗೆ ಮಾಡಿದರು. ಎಡಗಾಲು ಪೂರ್ತಿ ಸರಿಹೋಗಲಿಲ್ಲ. ಅವಳು ಕೋಲಿಲ್ಲದೆ ನಡೆಯುತ್ತಾಳೆ, ದೂರ ನಡೆಯಲಾರಳು. ಕಣಕಟ್ಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ.

ನಿವೃತ್ತಿಯಾದ ಮೇಲೆ ಸಣ್ಣಯ್ಯ ಊರಿನ ಮನೆಮನೆಗೂ ಹೋಗಿ, ನೀರು ಕುದಿಸಬೇಡಿ, ಫಿಲ್ಟರ್ ಇಟ್ಕೊಳ್ಳಿ, ನಾನೇ ತೊಳೆದುಕೊಡ್ತೀನಿ ಎಂದು ಹೇಳಿದ. ನೀರು ತಿಳಿಯಾಗೇ ಐತಲ್ಲ ಎಂದು ಹೆಚ್ಚಿನವರು ಕಳುಹಿಸಿಬಿಟ್ಟರು. ಒಪ್ಪಿದ್ದು ಎರಡೇ ಮನೆ. ಅದರಲ್ಲಿ ಒಂದು ಕರಿಯಪ್ಪನದು. ಅವನ ಮೊಮ್ಮಗಳ ಹಲ್ಲಿನಲ್ಲೂ ಆಗಲೇ ಕಂದು ಗೆರೆ ಬಂದಿತ್ತು.