ಮೊದಲು ಬಾಲ, ಆಮೇಲೆ ಹೊಟ್ಟೆ

ಕೆಂಡದಲ್ಲಿ ಇಡಿಯಾಗಿ ಸುಟ್ಟು ಬಡಿಸಿದ ಸಾರ್ಗೊ ಮೀನನ್ನು ಚಪ್ಪರಿಸುವ ಮಹನೀಯರೇ, ಅದರ ಬಾಲದ ಕಡೆ ನೀವು ಎಂದಾದರೂ ಕಣ್ಣು ಹಾಯಿಸಿದ್ದೀರಾ?

ಇದಾಲಿನಾ ಮೊದಲು ನೋಡುವುದೇ ಬಾಲವನ್ನು. ಪೋರ್ಚುಗಲ್ಲಿನ ನಮ್ಮ ಈ ಬಂಡೆಗಲ್ಲಿನ ಕರಾವಳಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಆಕೆ ಮೀನುಪೇಟೆಯ ಕಲ್ಲುಕಟ್ಟೆ ತೊಳೆದು, ಚಾಕು ಮಸೆದು ನಿಂತಿರುತ್ತಾಳೆ. ಪರರು ಹಿಡಿದ ಮೀನನ್ನು ಹೆರೆದು, ಕರುಳು ತೆಗೆದು ಕೊಡುವುದು ಆಕೆಯ ಕಸುಬು. ಮೂವತ್ತು ವರ್ಷಗಳ ಉಪ್ಪುನೀರಿಗೆ ಬೆರಳ ಗೆಣ್ಣುಗಳು ಬಾತಿವೆ. ಚಳಿಗಾಲದಲ್ಲಿ ಕಾಫಿ ಲೋಟ ಹಿಡಿಯಲೂ ಎರಡು ಕೈ ಬೇಕು.

ಹವ್ಯಾಸಕ್ಕೆ ಗಾಳ ಹಾಕುವವರು ತಾವು ಹಿಡಿದ ಸಾರ್ಗೊವನ್ನು ಮಾರಕೂಡದು. ಗುರುತಿಗಾಗಿ ಅದರ ಬಾಲದ ಕೆಳತುದಿಯನ್ನು ಕತ್ತರಿಸಬೇಕು. ನಿಯಮ ಇಷ್ಟೇ. ಪರವಾನಗಿ ಪಡೆದು ದೋಣಿ ಇಳಿಸುವವರ ಹೊಟ್ಟೆಪಾಡು ಈ ಒಂದು ತುಣುಕಿನ ಮೇಲೆ ನಿಂತಿದೆ. ಅಂಥವರಲ್ಲಿ ಇದಾಲಿನಾಳ ಮಗಳು ಗ್ರಾಸಾ ಕೂಡ ಒಬ್ಬಳು. ಹೋಟೆಲುಗಳು ಹಿಂಬಾಗಿಲಲ್ಲಿ ಹವ್ಯಾಸಿಗಳ ಅಗ್ಗದ ಮೀನು ಕೊಂಡ ದಿನ ಅವಳ ಬುಟ್ಟಿ ತುಂಬಿದಂತೆಯೇ ಮನೆಗೆ ಮರಳುತ್ತದೆ.

ಈ ಶನಿವಾರ ಹಲ್ಲಿನ ವೈದ್ಯ ಅಬೀಲಿಯು ಮೋಜಿಗೆ ಗಾಳ ಹಾಕಿ ಹಿಡಿದು ತಂದ ಸಾರ್ಗೊಗಳ ಬಾಲಗಳು ಇಡಿಯಾಗಿವೆ.

"ಇದಾಲಿನಕ್ಕಾ, ಹೊಟ್ಟೆ ಮಾತ್ರ ಕ್ಲೀನ್ ಮಾಡು, ಬಾಲ ಮುಟ್ಬೇಡ. ಎವರಿಷ್ಟುವಿನ ಹೋಟ್ಲಿಗೆ ಕೊಡ್ಬೇಕು."

"ಹಲ್ಲು ಅರ್ಧ ಕಿತ್ತು ಅರ್ಧ ಬಿಡಿ ಅಂದ್ರೆ ನೀವ್ ಬಿಡ್ತೀರಾ ಡಾಕ್ಟ್ರೇ?" ಎನ್ನುತ್ತಲೇ ಆಕೆ ಕಚಕ್ಕನೆ ಮೊದಲ ಬಾಲಕ್ಕೆ ಕತ್ತರಿ ಹಾಕುತ್ತಾಳೆ.

"ಅಯ್ಯೋ, ಏನ್ ಮಾಡ್ಬಿಟ್ಟೆ ಮಾರಾಯ್ತಿ! ನಿಂಗ್ಯಾರು ಕೊಟ್ರು ಪೊಲೀಸ್ ಟೋಪಿ?"

"ಟೋಪಿ ನಂಗ್ಯಾಕೆ? ಊರಿಗೆಲ್ಲ ಹಾಕೋಕೆ ನೀವಿದೀರಲ್ಲ."

ಉಳಿದ ಬಾಲಗಳನ್ನೂ ಕತ್ತರಿಸಿಯೇ ಆಕೆ ಹೊಟ್ಟೆಗೆ ಚಾಕು ಇಡುತ್ತಾಳೆ. ಮಧ್ಯಾಹ್ನದೊಳಗೆ ಹೋಟೆಲಿನ ಯಜಮಾನ ಎವರಿಷ್ಟು ಬಂದು, ತನ್ನ ಅಡುಗೆಮನೆಯ ಮೀನು ಇನ್ನು ಈ ಕಟ್ಟೆಗೆ ಬಾರದೆಂದು ಹೇಳಿ ಹೋಗುತ್ತಾನೆ. ಆಕೆಯ ಅರ್ಧ ಕೆಲಸವೇ ಅದು. ವೈದ್ಯನಿಗೆ ಮೋಜು, ಹೋಟೆಲಿನವನಿಗೆ ಲಾಭ. ನಿಯಮ ಪಾಲಿಸಿದ ತಪ್ಪಿಗೆ ದಂಡ ತೆರುವವಳು ಮಾತ್ರ ಕಟ್ಟೆಯ ಹೆಂಗಸು! ಇದಕ್ಕಿಂತ ನಾಚಿಕೆಗೇಡು ಯಾವುದು?

ಬೇಸರವಿಲ್ಲವೇ ಎಂದರೆ, ಕಟ್ಟೆಗೆ ನೀರು ಎರಚುತ್ತ ಹೇಳುತ್ತಾಳೆ: "ಇದೆ, ಯಾಕಿರಲ್ಲ? ಆದ್ರೆ ಮಗಳು ಮಾರೋಕಾಗ್ದೆ ಮೀನು ವಾಪಸ್ ಹೊತ್ಕೊಂಡ್ ಬಂದಾಗ, ಅವಳ ಮುಖ ನೋಡೋಕೆ ನಂಗೆ ಅಂಜಿಕೆ ಆಗ್ಬಾರ್ದು. ಅಷ್ಟೇ."

ಆಕೆಯೊಬ್ಬಳೇ ಕತ್ತರಿಸಿದರೆ ಸಾಲದು. ಮುಂದಿನ ಸಲ ಸಾರ್ಗೊ ನಿಮ್ಮೆದುರು ಬಂದಾಗ ಬಾಲ ನೋಡಿ. ಕೆಳತುದಿಯಿಲ್ಲದಿದ್ದರೆ ಅದು ಮಾರಕೂಡದ ಮೀನು, ತಟ್ಟೆಯನ್ನು ಹಿಂದಕ್ಕೆ ತಳ್ಳಿ. ಇದ್ದರೆ, ಯಾವ ದೋಣಿಯದೆಂದು ಅಕ್ಕಪಕ್ಕದ ಮೇಜಿಗೂ ಕೇಳಿಸುವಂತೆ ಕೇಳಿ.